ಸರ್ಕಾರಿ ದಾಖಲೆ ಬೇಕಂದ್ರ ಯಾವ ಬಾಗಿಲಿಗಿ ಹೋಗ್ಬೇಕು: ಆನ್‌ಲೈನ್, ನಾಡಕಚೇರಿ, ರೆಕಾರ್ಡ್ ರೂಮ್, ಆರ್‌ಟಿಐ

ಹೋದ ತಿಂಗಳ ನಮ್ಮ ಅಕ್ಕನ ಮಗ ಫೋನ್ ಮಾಡ್ದ. ಮಾಮಾ, ಮುತ್ತ್ಯಾನ ಕಾಲದ ಪಹಣಿ ಬೇಕಾಗ್ಯಾದ, ಒಂದು ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕಿಬಿಡ್ಲಾ ಅಂದ. ಬ್ಯಾಡ ಅಂದೆ, ಮೊದಲು ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮಿಗಿ ಹೋಗು ಅಂದೆ. ಅದೇ ವಾರ ನಮ್ಮ ಓಣ್ಯಾಗಿನ ಒಬ್ಬರು ರೋಡಿನ ಬಿಲ್ ಎಷ್ಟಾಗ್ಯಾದ ಅಂತ ಕೇಳ್ಲಿಕ್ಕಿ ಮೂರು ದಿನ ಇಂಜಿನಿಯರ್ ಆಫೀಸಿಗಿ ಅಲೆದು ಸುಸ್ತಾಗಿ ಬಂದಿದ್ರು, ಅವ್ರಿಗಿ ಮಾತ್ರ ಅಲೆದಾಟ ಸಾಕ್ರಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಆರ್‌ಟಿಐ ಹಾಕ್ರಿ ಅಂದೆ. ಇಬ್ಬರದೂ ಸರ್ಕಾರಿ ದಾಖಲೇನೇ, ಆದ್ರ ದಾರಿ ಬ್ಯಾರೆ ಬ್ಯಾರೆ. ನಮ್ಮ ಮನಿ ಹೊಲದ ಕಾಗದದ ಸಲುವಾಗಿ ನಾನೂ ಎರಡು ವರ್ಷ ಓಡಾಡೀನಿ, ಯಾವ ಬಾಗಿಲಿಗಿ ಏನು ಕೇಳ್ಬೇಕು ಅನ್ನೋದು ಗೊತ್ತಾಗ್ಲಿಕ್ಕೇ ಅದ್ರಾಗ ಒಂದು ವರ್ಷ ಹೋಯ್ತು. ಅದು ನಿಮಗ ಆಗಬಾರದು ಅಂತ ಇಷ್ಟು ಬರೀಲತ್ತೀನಿ.

ಮೊದಲು ಒಂದು ಮಾತು ತಿಳ್ಕೋರಿ. ಸರ್ಕಾರದ ಬಲ್ಲಿ ಇರೋ ಕಾಗದದಾಗ ಎರಡು ಜಾತಿ ಅವ. ಒಂದು, ಜನಕ್ಕ ಕೊಡ್ಲಿಕ್ಕಿ ಅಂತನೇ ಇಟ್ಟಿದ್ದು: ಪಹಣಿ, ಮುಟೇಶನ್ (ಹೊಲದ ಹೆಸರು ಬದಲಾವಣೆ), ಇಸಿ (ಆಸ್ತಿ ಮ್ಯಾಲಿನ ಋಣಭಾರ ಪತ್ರ), ಖರೀದಿ ಪತ್ರದ ನಕಲು, ಜನನ ಮರಣ ಪ್ರಮಾಣಪತ್ರ, ಹೊಲದ ನಕ್ಷೆ. ಇವಕ್ಕ ಒಂದು ಕೌಂಟರ್ ಇರ್ತದ, ಫೀಸು ಇರ್ತದ, ಅರ್ಜಿ ನಮೂನೆ ಇರ್ತದ. ಎರಡನೇದು, ಆಫೀಸು ತನ್ನ ಕೆಲಸ ಮಾಡೋವಾಗ ಹುಟ್ಟೋ ಕಾಗದ: ಫೈಲು, ಟಿಪ್ಪಣಿ ಹಾಳಿ, ಎಸ್ಟಿಮೇಟು, ಎಂ.ಬಿ. ಪುಸ್ತಕ (ಆದ ಕೆಲಸದ ಅಳತೆ ಬರೆಯೋ ಪುಸ್ತಕ), ಬಿಲ್ಲು, ಫಲಾನುಭವಿಗಳ ಪಟ್ಟಿ, ಬೆಳೆ ಕಟಾವು ಪ್ರಯೋಗದ ಲೆಕ್ಕ. ಇವಕ್ಕ ಕೌಂಟರ್ ಇಲ್ಲ, ಆರ್‌ಟಿಐನೇ ಇವುಗಳ ಕೌಂಟರ್. ಮೊದಲನೇ ಜಾತಿದಕ್ಕ ಆರ್‌ಟಿಐ ಹಾಕಿದ್ರ 30 ದಿನ ಕಾದ ಮ್ಯಾಲ "ನಿಗದಿತ ಶುಲ್ಕ ಪಾವತಿಸಿ ಸಂಬಂಧಪಟ್ಟ ಶಾಖೆಯಿಂದ ಪಡೆಯಬಹುದು" ಅಂತ ಒಂದು ಸಾಲಿನ ಉತ್ತರ ಬರೋದು ನಾ ಬಾಳ ನೋಡೀನಿ. ಎರಡನೇ ಜಾತಿದಕ್ಕ ಬಾಯಿಲೆ ಕೇಳ್ಕೋತ ಹೋದ್ರ ಇವತ್ತು ಸಾಹೇಬ್ರಿಲ್ಲ, ನಾಳಿ ಕ್ಲರ್ಕ್ ಇಲ್ಲ, ನಾಡದು ಮೀಟಿಂಗ್. ಕೇಳಿದ್ದಕ್ಕ ಪುರಾವೆನೂ ಉಳಿಯಂಗಿಲ್ಲ.

ಈಗ ಒಂದೊಂದಾಗಿ ನೋಡಮ್ರಿ.

ಆನ್‌ಲೈನ್ ಮೊದಲು, ಯಾಕಂದ್ರ ಅದಕ್ಕ ಯಾರನ್ನೂ ಕೇಳ್ಬೇಕಾಗಿಲ್ಲ. ಕಂದಾಯ ಇಲಾಖೆಯ 'ಭೂಮಿ' ವೆಬ್‌ಸೈಟಿನಾಗ ಜಿಲ್ಲಾ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಹಾಕಿದ್ರ ಪಹಣಿ ಬಿಟ್ಟಿ ನೋಡ್ಲಿಕ್ಕಿ ಸಿಗ್ತದ, ಬ್ಯಾರೆಯವರ ಹೊಲದ್ದೂ ನೋಡಬಹುದು, ಅದ್ರಾಗ ಗುಟ್ಟು ಏನಿಲ್ಲ. ಬಿಟ್ಟಿ ನೋಡಿದ್ದು ನೋಡ್ಲಿಕ್ಕಷ್ಟೇ, ಬ್ಯಾಂಕಿಗಿ ಕೊಡ್ಲಿಕ್ಕಿ ಬೇಕಂದ್ರ ರೊಕ್ಕ ಕಟ್ಟಿ ಡಿಜಿಟಲ್ ಸಹಿ ಇರೋ ಪ್ರತಿ ಇಳಿಸ್ಕೋಬೇಕು. ಪಹಣಿ ಕೈಗಿ ಬಂದ ಕೂಡ್ಲೆ ಎಲ್ಲರೂ 9ನೇ ಕಾಲಂ ನೋಡ್ತಾರ, ಅಲ್ಲಿ ಹೆಸರು ಇರ್ತದ, ಹೆಸರು ಸರಿ ಅದ ಅಂದ್ರ ಮಡಚಿ ಕಿಸೆದಾಗ ಇಡ್ತಾರ. ನನ್ನ ಕೇಳಿದ್ರ 10ನೇ ಕಾಲಂ ನೋಡ್ರಿ. ಆ ಹೆಸರು ಅಲ್ಲಿಗಿ ಹೆಂಗ ಬಂತು, ಯಾವ ಎಂ.ಆರ್. (ಮುಟೇಶನ್ ರಿಜಿಸ್ಟರ್) ನಂಬರಿನ ಮ್ಯಾಲ ಬಂತು ಅನ್ನೋದು ಅಲ್ಲಿ ಇರ್ತದ, ಆ ಎಂ.ಆರ್. ನಂಬರ್ ಹಿಡ್ಕೊಂಡೇ ಮುಂದಿನ ಎಲ್ಲಾ ಹುಡುಕಾಟ. 11ರಾಗ ಸಾಲ, ಭೋಜಾ, ಕೋರ್ಟ್ ತಕರಾರು ಇದ್ರ ಕಾಣ್ತದ. ಇನ್ನೊಂದು ಮಾತು, ಪಹಣ್ಯಾಗ ಹೆಸರು ಬಂದ ಮಾತ್ರಕ್ಕ ಹೊಲ ನಿಮ್ಮದೇ ಅಂತ ಪಕ್ಕಾ ಆಗಂಗಿಲ್ಲ. 1964ರ ಭೂಕಂದಾಯ ಕಾಯ್ದೆ 133ನೇ ಕಲಂ ಹೇಳೋದು ಇಷ್ಟೇ, ತಪ್ಪು ಅಂತ ರುಜುವಾತಾಗೋ ತನಕ ಅಲ್ಲಿ ಬರೆದಿದ್ದು ಖರೆ ಅಂತ ತಿಳೀಬೇಕು ಅಂತ.

ಆನ್‌ಲೈನಿಗಿ ಒಂದು ಗಡಿ ಅದ. ಭೂಮಿ ಬಂದಿದ್ದು 2000ದ ಆಸುಪಾಸಿನಾಗ, ಕೈಬರಹದ ಪಹಣಿ ಬಂದಾಗಿ ಕಂಪ್ಯೂಟರ್ ಪಹಣಿ ಚಾಲೂ ಆಗಿದ್ದು ಆವಾಗ. ಅದಕ್ಕಿಂತ ಹಿಂದಿಂದು ಬೇಕಂದ್ರ ಭೂಮಿಯಾಗ ಸಿಗಂಗಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಕಾವೇರಿ ತಂತ್ರಾಂಶನೂ ಹಂಗೇ, ಇಸಿ ಆನ್‌ಲೈನ್ ಸಿಗೋದು 2004ರ ಏಪ್ರಿಲ್ 1ರಿಂದ ಈಕಡಿದು. ಬಾಳ ಮಂದಿ ಇಲ್ಲೇ ಮೋಸ ಹೋಗ್ತಾರ, ಆನ್‌ಲೈನ್ ಇಸಿ ತಗ್ದು ನೋಡಿ ಏನೂ ಇಲ್ಲ, ಹೊಲ ಕ್ಲೀನ್ ಅದ ಅಂತ ಅಡ್ವಾನ್ಸ್ ಕೊಟ್ಟುಬಿಡ್ತಾರ, 1996ರಾಗ ಅದೇ ಹೊಲ ಅಡವು ಆಗಿದ್ದು ಅದ್ರಾಗ ಬರಂಗೇ ಇಲ್ಲ. 2004ಕ್ಕಿಂತ ಹಿಂದಿನ ಇಸಿ ಬೇಕಂದ್ರ ಆಫೀಸಿಗೇ ಹೋಗಿ ಅರ್ಜಿ ಕೊಟ್ಟು ಹಳೆ ಇಂಡೆಕ್ಸ್ ಹುಡುಕಿಸ್ಬೇಕು, ಟೈಮ್ ಹಿಡೀತದ, ಆದ್ರೂ ಹೊಲ ಕೊಳ್ಳೋ ಮುಂದ ಇದನ್ನ ಬಿಡಬ್ಯಾಡ್ರಿ.

ಸಬ್ ರಿಜಿಸ್ಟ್ರಾರ್ ಆಫೀಸಿನಾಗ "ನೀವು ಆ ಖರೀದಿಗಿ ಸಂಬಂಧಪಟ್ಟವರಲ್ಲ, ನಕಲು ಕೊಡ್ಲಿಕ್ಕಿ ಬರಂಗಿಲ್ಲ" ಅಂದ್ರ ಸುಮ್ಮ ವಾಪಸ್ ಬರಬ್ಯಾಡ್ರಿ. 1908ರ ನೋಂದಣಿ ಕಾಯ್ದೆ 57ನೇ ಕಲಂ ಓದ್ರಿ. ಸ್ಥಿರಾಸ್ತಿ ಖರೀದಿ, ಅಡವು, ದಾನಪತ್ರ ಎಲ್ಲಾ ಇರೋದು ಪುಸ್ತಕ 1ರಾಗ, ಅದನ್ನ ಯಾರು ಬೇಕಾದ್ರೂ ಫೀಸು ಕಟ್ಟಿ ನೋಡಬಹುದು, ನಕಲು ತಗೋಬಹುದು. ನಿರ್ಬಂಧ ಇರೋದು ಮೃತ್ಯುಪತ್ರ ಇರೋ ಪುಸ್ತಕ 3ಕ್ಕ, ಜಿಪಿಎ (ಅಧಿಕಾರ ಪತ್ರ) ಅಂಥವು ಇರೋ ಪುಸ್ತಕ 4ಕ್ಕ. ಇಷ್ಟು ಗೊತ್ತಿದ್ರ ಕೌಂಟರಿನಾಗ ಮಾತಿನ ಧಾಟಿನೇ ಬದಲಾಗ್ತದ. ಇಂಥಾದಕ್ಕ ಆರ್‌ಟಿಐ ಹಾಕೋದು ವ್ಯರ್ಥ, ನೋಂದಣಿ ಕಾಯ್ದೆದಾಗೇ ನಿಮಗ ಹಕ್ಕು ಕೊಟ್ಟಿದ್ದದ.

ನಾಡಕಚೇರಿ, ಗ್ರಾಮ ಒನ್, ಶಹರಿನಾಗ ಕರ್ನಾಟಕ ಒನ್, ಇವು ಮೊಬೈಲಿನಾಗ ಮಾಡ್ಲಿಕ್ಕಿ ಬರದವ್ರಿಗಿ. ಸರ್ವಿಸ್ ಚಾರ್ಜ್ ಹಿಡೀತಾರ, ಆದ್ರ ರಸೀದಿ ಕೊಡ್ತಾರ, ಆ ರಸೀದಿ ಮ್ಯಾಲಿನ ಸಕಾಲ ನಂಬರೇ ನಿಮ್ಮ ಆಸ್ತಿ. 15 ಅಂಕಿ ಇರ್ತಾವ, ಕೆಲಸ ಯಾವ ತಾರೀಖಿನೊಳಗ ಆಗ್ಬೇಕು ಅನ್ನೋದೂ ಇರ್ತದ. ಸರ್ಕಾರಿ ಸೇವಾ ಗೊತ್ತು ಮಾಡಿದ ದಿನದೊಳಗ ಕೊಡ್ಬೇಕು ಅನ್ನೋ ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್‌ನಾಗ ಚಾಲೂ ಆಯ್ತು, ತಾರೀಖು ಮೀರಿದ್ರ ದಿನಕ್ಕ 20 ರೂಪಾಯಿ ಹಂಗ, ಹೆಚ್ಚಂದ್ರ 500 ರೂಪಾಯಿ ತನಕ ಪರಿಹಾರ ಕೇಳಬಹುದು. ರೊಕ್ಕ ಸಣ್ಣದು ಖರೆ, ಆದ್ರ ಮೇಲ್ಮನವಿ ಹೋತಂದ್ರ ತಡ ಮಾಡಿದ್ದು ಯಾರು ಅನ್ನೋದು ಕಾಗದದ ಮ್ಯಾಲ ಬರ್ತದ, ಅದಕ್ಕ ಕೆಲಸ ಸರಿಯಾಗ್ತದ. ಬಿಳಿ ಹಾಳಿ ಮ್ಯಾಲ ಅರ್ಜಿ ಬರೆದು ಟಪಾಲಿನಾಗ ಕೊಟ್ಟು ಬಂದ್ರ ಈ ನಂಬರ್ ಸಿಗಂಗಿಲ್ಲ, ಹಂಗಾಗಿ ಸಕಾಲದಾಗ ಬರೋ ಸೇವಾ ಇದ್ರ ಸಕಾಲ ನಂಬರ್ ಇಲ್ಲದ ಅರ್ಜಿ ಕೊಡಲೇಬ್ಯಾಡ್ರಿ.

ಇನ್ನ ರೆಕಾರ್ಡ್ ರೂಮ್. ನಮ್ಮ ಕಲಬುರಗಿ, ಬೀದರ, ಯಾದಗಿರಿ ಮಂದಿಗಿ ಇದು ಉಳಿದ ಕರ್ನಾಟಕದವ್ರಿಗಿಂತ ತೊಡಕಿನ ಕೆಲಸ, ಯಾಕಂದ್ರ ನಮ್ಮದು 1948ರ ತನಕ ನಿಜಾಮರ ರಾಜ್ಯ, 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯ. ಹಳೆ ಕಂದಾಯ ಕಾಗದ ಉರ್ದುದಾಗ ಅವ, ವರ್ಷ ಫಸಲಿ (ಆ ಕಾಲದ ಕಂದಾಯ ವರ್ಷ) ಲೆಕ್ಕದಾಗ ಅದ. ನಾ ಮೊದಲ ಸಲ ರೆಕಾರ್ಡ್ ರೂಮಿನಾಗ ನಿಂತಾಗ ಅಲ್ಲಿನವ್ರು ಕೆಂಪು ಬಟ್ಟಿ ಕಟ್ಟಿದ್ದ ಒಂದು ಬಸ್ತಾ ಇಳಿಸಿದ್ರು, ಗಂಟು ಬಿಚ್ಚೋದ್ರಾಗ ಧೂಳು ಎದ್ದು ಕಿಡಕಿ ಬೆಳಕಿನಾಗ ನಿಂತಿತ್ತು, ಹಾಳಿ ಚಹಾದ ಬಣ್ಣಕ್ಕ ತಿರುಗಿದ್ವು, ಅಂಚು ಮುಟ್ಟಿದ್ರ ಉದುರ್ತಿದ್ವು. ಮ್ಯಾಲ ಉರ್ದು ಅಂಕಿದಾಗ 1355 ಅಂತ ಬರೆದಿತ್ತು. ಇದು ಯಾವ ಇಸವಿ ಅಂತ ನನಗ ತಿಳೀಲಿಲ್ಲ. ಅಲ್ಲಿದ್ದ ರಿಟೈರ್ ಆಗೋ ವಯಸ್ಸಿನ ಒಬ್ಬ ಸಿಬ್ಬಂದಿ ಹೇಳಿದ್ರು, ಫಸಲಿಗಿ 590 ಕೂಡಿಸ್ರಿ, ಅಂದ್ರ 1945-46. ಆಮೇಲೆ ಬೆರಳು ಇಟ್ಟು ಬಲದಿಂದ ಎಡಕ್ಕ ಓದ್ಕೋತ ಹೋದ್ರು, ಒಂದು ಸಾಲಿಗಿ ನಿಂತು ಇದೇ ನೋಡ್ರಿ ನಿಮ್ಮ ಮುತ್ತ್ಯಾನ ಹೆಸರು ಅಂದ್ರು. ಉರ್ದು ನನಗ ಬರಂಗಿಲ್ಲ, ಆದ್ರೂ ಆ ಸಾಲು ಬಾಳ ಹೊತ್ತು ನೋಡ್ಕೋತ ನಿಂತೆ. ನಮ್ಮ ಮನ್ಯಾಗ ಯಾರೂ ಆ ಹಾಳಿ ನೋಡಿದ್ದಿಲ್ಲ.

ರೆಕಾರ್ಡ್ ರೂಮಿಗಿ ಹೋಗೋಕಿಂತ ಮೊದಲು ಮೂರು ಸಂಗತಿ ಬರ್ಕೊಂಡು ಹೋಗ್ರಿ: ಊರಿನ ಹಳೆ ಹೆಸರು, ಹಳೆ ಸರ್ವೆ ನಂಬರ್ ಮತ್ತ ಸುಮಾರು ಯಾವ ವರ್ಷದ್ದು. ಸರ್ವೆ ನಂಬರಿಗಿ ಹಿಸ್ಸಾ (ಪಾಲು) ಆದ ಮ್ಯಾಲ 42 ಇದ್ದದ್ದು 42/1, 42/2 ಆಗಿರ್ತದ, ನೀವು 42/2ರ ಹಳೆ ಪಹಣಿ ಕೇಳಿದ್ರ ಇಲ್ಲ ಅಂತಾರ, ಖರೇನೇ ಇಲ್ಲ, ಆಗ ಅದು ಬರೇ 42. ಇನ್ನೊಂದು, ಯಾವ ತಾಲ್ಲೂಕಿನ ರೆಕಾರ್ಡ್ ರೂಮ್ ಅನ್ನೋದು. ಕಾಳಗಿ, ಕಮಲಾಪುರ, ಶಹಾಬಾದ್, ಯಡ್ರಾಮಿ ಈಚೆ ಆದ ತಾಲ್ಲೂಕುಗಳು, ಬೀದರ ಜಿಲ್ಲಾದಾಗ ಕಮಲನಗರ, ಹುಲಸೂರ, ಚಿಟಗುಪ್ಪ, ಯಾದಗಿರಿ ಕಡಿ ಹುಣಸಗಿ, ವಡಗೇರಾ, ಗುರುಮಠಕಲ್. ಇಂಥಾ ಊರಿನವ್ರು ಹಳೆ ಕಾಗದಕ್ಕ ಮೊದಲಿದ್ದ ತಾಲ್ಲೂಕಿನಾಗೂ ವಿಚಾರಿಸ್ಬೇಕು. ಯಾದಗಿರಿ ಜಿಲ್ಲಾ ಆಗಿದ್ದೇ 2009ರ ಡಿಸೆಂಬರ್ ಕೊನೆಗಿ, ಅದಕ್ಕ ಅಲ್ಲಿನವ್ರಿಗಿ ಜಿಲ್ಲಾ ಮಟ್ಟದ ಹಳೆ ಆದೇಶ ಬೇಕಂದ್ರ ಕಲಬುರಗಿ ಡಿಸಿ ಆಫೀಸಿನಾಗ ಕೇಳೋದು ತಪ್ಪಂಗಿಲ್ಲ. ಇದು ಗೊತ್ತಿಲ್ಲದೆ ನಾ ಹೊಸ ತಾಲ್ಲೂಕಿನ ಒಂದು ಆಫೀಸಿನಾಗ ನಾಕು ತಿಂಗಳ ಅಡ್ಡಾಡೀನಿ. "ಸಿಗ್ತಿಲ್ಲ" ಅಂತ ಹೇಳ್ತಿದ್ರೇ ಹೊರತು "ನಮ್ಮ ಬಲ್ಲಿ ಬಂದೇ ಇಲ್ಲ, ಹಳೆ ತಾಲ್ಲೂಕಿಗಿ ಹೋಗ್ರಿ" ಅಂತ ಒಬ್ಬರೂ ಹೇಳಲಿಲ್ಲ. ಇವತ್ತಿಗೂ ಅದು ನೆನಪಾದ್ರ ಹೊಟ್ಟ್ಯಾಗ ಸಂಕಟ ಆಗ್ತದ, ಒಂದೇ ಒಂದು ಮಾತಿನ ಕೆಲಸ ಅದು.

ಈಗ ಕಂದಾಯ ಇಲಾಖೆದವ್ರು ಭೂ ಸುರಕ್ಷಾ ಅಂತ ಹೇಳಿ ಹಳೆ ಬಸ್ತಾ ಎಲ್ಲಾ ಸ್ಕ್ಯಾನ್ ಮಾಡ್ಲತ್ತಾರ, ಸ್ಕ್ಯಾನ್ ಆದ ಕಾಗದ ಆನ್‌ಲೈನಿನಾಗ ಅರ್ಜಿ ಹಾಕಿ ತಗೋಬಹುದು. ನಿಮ್ಮ ಊರಿನ ಕಡತ ಸ್ಕ್ಯಾನ್ ಆಗ್ಯಾದೋ ಇಲ್ಲೋ ಅಂತ ಮೊದಲು ಕೇಳ್ರಿ, ಆಗಿದ್ರ ಒಂದು ಬಸ್ಸಿನ ಖರ್ಚು ಉಳೀತದ. ಉರ್ದು ಕಾಗದಕ್ಕ ಮಾತ್ರ ಓದೋರು ಬೇಕೇ ಬೇಕು. ಕೋರ್ಟಿಗಿ ಹಾಕ್ಬೇಕಂದ್ರ ಅನುವಾದನೂ ಮಾಡಿಸ್ಬೇಕು, ಅದನ್ನ ಯಾರ ಕಡಿಂದ ಮಾಡಿಸೋದು ಅಂತ ನಿಮ್ಮ ವಕೀಲರನ್ನ ಮೊದಲೇ ಕೇಳ್ರಿ. ಸಂಸ್ಥಾನದ ಮಟ್ಟದ ಫರ್ಮಾನು, ಜಾಗೀರು, ಇನಾಂ ಕಾಗದ ಆದ್ರ ತಾಲ್ಲೂಕಿನಾಗ ಸಿಗೋದು ಕಷ್ಟ, ಹೈದರಾಬಾದಿನ ತಾರ್ನಾಕದಾಗ ತೆಲಂಗಾಣ ರಾಜ್ಯ ಪತ್ರಾಗಾರ ಅದ, ನಿಜಾಮರ ಆಡಳಿತದ ಕಾಗದ ಅಲ್ಲಿ ಇಟ್ಟಾರ.

ನಕ್ಷೆ ಬಗ್ಗೆ ಎರಡೇ ಮಾತು. ಹೊಲದ ಗಡಿ ತಂಟೆಗಿ ಪಹಣಿ ಕೆಲಸಕ್ಕ ಬರಂಗಿಲ್ಲ, ಟಿಪ್ಪಣಿ (ಸರ್ವೆ ಅಳತೆ ಬರೆದ ಮೂಲ ಹಾಳಿ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ), ಹಿಸ್ಸಾ ನಕ್ಷೆ ಬೇಕು, ಅವು ಸರ್ವೆ ಇಲಾಖೆಯವು. ದಿಶಾಂಕ್ ಆಪಿನಾಗ ಹೊಲದಾಗ ನಿಂತು ಸರ್ವೆ ನಂಬರ್ ನೋಡಬಹುದು, ಅಂದಾಜಿಗಿ ಅಷ್ಟೇ, ಅದನ್ನ ತೋರಿಸಿ ಬಾಜು ಹೊಲದವ್ರ ಸಂಗಡ ಜಗಳಕ್ಕ ಇಳೀಬ್ಯಾಡ್ರಿ.

ಈಗ ಆರ್‌ಟಿಐಗಿ ಬರ್ತೀನಿ. 2005ರ ಅಕ್ಟೋಬರ್ 12ರಿಂದ ಪೂರ್ತಿ ಜಾರಿಗಿ ಬಂದ ಕಾಯ್ದೆ ಇದು. ಬೆಳೆ ವಿಮಾದ ಉದಾಹರಣೆ ತಗೋರಿ, ನಮ್ಮ ಕಡಿ ತೊಗರಿ ಹಾಳಾಗದ ವರ್ಷ ಇಲ್ಲ. ಒಂದು ಪಂಚಾಯಿತಿಗಿ ವಿಮಾ ಬರ್ತದ, ಬಾಜು ಪಂಚಾಯಿತಿಗಿ ಬರಂಗಿಲ್ಲ, ಮಳಿ ಎರಡೂ ಕಡಿ ಒಂದೇ ಬಂದದ. ಯಾಕ ಅಂತ ಕೇಳಿದ್ರ ಕೃಷಿ ಇಲಾಖೆ ವಿಮಾ ಕಂಪನಿ ಕಡಿ ತೋರಿಸ್ತದ, ಕಂಪನಿ ಇಲಾಖೆ ಕಡಿ. ಖರೆ ಸಂಗತಿ ಏನಂದ್ರ ಫಸಲ್ ಬಿಮಾದಾಗ ಮುಖ್ಯ ಬೆಳೆಗಿ ಗ್ರಾಮ ಪಂಚಾಯಿತಿನೇ ಘಟಕ, ಒಂದು ಪಂಚಾಯಿತಿದಾಗ ಆ ಬೆಳೆಗಿ ನಾಕು ಕಟಾವು ಪ್ರಯೋಗ ಮಾಡಿ ಇಳುವರಿ ತಗೀತಾರ, ಅದು ಪ್ರಾರಂಭಿಕ ಇಳುವರಿಗಿಂತ (ಆ ಬೆಳೆಗಿ ಮೊದಲೇ ಗೊತ್ತು ಮಾಡಿಟ್ಟ ಇಳುವರಿ) ಕಡಿಮಿ ಬಂದ್ರೇ ಪರಿಹಾರ. ಆ ನಾಕು ಪ್ರಯೋಗ ಯಾರ ಹೊಲದಾಗ, ಯಾವ ದಿನ, ಎಷ್ಟು ತೂಕ, ಇದೆಲ್ಲಾ ಬರೆದ ನಮೂನೆ ಸರ್ಕಾರದ ಬಲ್ಲಿ ಇರ್ತದ. ಖಾಸಗಿ ಕಂಪನಿಗಿ ನೀವು ನೇರ ಆರ್‌ಟಿಐ ಹಾಕ್ಲಿಕ್ಕಿ ಬರಂಗಿಲ್ಲ, ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಗೂ ಕೃಷಿ ಇಲಾಖೆಗೂ ಹಾಕ್ಲಿಕ್ಕಿ ಬರ್ತದ.

ಆದ್ರ ಹೆಂಗ ಕೇಳ್ತೀರಿ ಅನ್ನೋದ್ರ ಮ್ಯಾಲೇ ಎಲ್ಲಾ. "ನಮ್ಮ ಊರಿಗಿ ಯಾಕ ವಿಮಾ ಕೊಟ್ಟಿಲ್ಲ, ರೈತರಿಗಿ ಅನ್ಯಾಯ ಆಗ್ಯಾದ, ಇದಕ್ಕ ಯಾರು ಜವಾಬ್ದಾರಿ" ಅಂತ ಬರೆದ್ರ ಉತ್ತರ ಬರಂಗಿಲ್ಲ, ಅದು ಮಾಹಿತಿ ಅಲ್ಲ, ಪ್ರಶ್ನೆ. ಆಫೀಸಿನಾಗ ಇರೋ ಮಾಹಿತಿ ಕೊಡ್ಬೇಕೇ ಹೊರತು ಇಲ್ಲದ್ದನ್ನ ಹೊಸದಾಗಿ ಸೃಷ್ಟಿ ಮಾಡಿ ಕೊಡ್ಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಾಗೇ ಹೇಳ್ಯಾದ. ಹಿಂಗ ಬರೀರಿ: "ಇಂಥಾ ಗ್ರಾಮ ಪಂಚಾಯಿತಿಯಲ್ಲಿ ಇಂಥಾ ವರ್ಷದ ಮುಂಗಾರು ಹಂಗಾಮಿನಲ್ಲಿ ತೊಗರಿ ಬೆಳೆಗೆ ನಡೆಸಿದ ಬೆಳೆ ಕಟಾವು ಪ್ರಯೋಗಗಳ ಭರ್ತಿ ಮಾಡಿದ ನಮೂನೆಗಳ ದೃಢೀಕೃತ ಪ್ರತಿ ನೀಡುವುದು." ಒಂದು ಕಾಗದ, ಒಂದು ವರ್ಷ, ಒಂದು ಜಾಗ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿದಾಗ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು ಅಂತ ಅದ, ಇದನ್ನೇ ನೆವ ಮಾಡಿ ತಿರಸ್ಕಾರ ಮಾಡ್ತಾರ, ಹಂಗಾಗಿ ಐದು ವಿಷಯ ಇದ್ರ ಐದು ಅರ್ಜಿ ಹಾಕ್ರಿ, ಹತ್ತು ಹತ್ತು ರೂಪಾಯಿ ಹೋದ್ರ ಹೋಗ್ಲಿ. ಯಾಕ ಬೇಕು ಅಂತ ಕಾರಣ ಹೇಳ್ಬೇಕಾಗಿಲ್ಲ, 6(2) ಕಲಂದಾಗ ಅದು ಸ್ಪಷ್ಟ ಅದ. ಪ್ರತಿಗಿ ಎ4 ಹಾಳಿಗಿ 2 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವ್ರು ಕಾರ್ಡಿನ ನಕಲು ಹಚ್ಚಿದ್ರ ಅರ್ಜಿ ಫೀಸು ಇಲ್ಲ.

ಎಲ್ಲಿಗಿ ಕಳಿಸೋದು? ತಪ್ಪು ಆಫೀಸಿಗಿ ಹೋದ್ರೂ ಐದು ದಿನದೊಳಗ ಸರಿಯಾದ ಆಫೀಸಿಗಿ ವರ್ಗಾಯಿಸ್ಬೇಕು ಅಂತ 6(3)ರಾಗ ಅದ, ಆದ್ರೂ ಗೊತ್ತಿದ್ದು ತಪ್ಪು ಕಡಿ ಕಳಿಸಬ್ಯಾಡ್ರಿ. ಒಂದು ತಪ್ಪು ಮಾತ್ರ ನಮ್ಮ ಹುಡುಗರು ಬಾಳ ಮಾಡ್ತಾರ, ಕೇಂದ್ರದ ಆರ್‌ಟಿಐ ಪೋರ್ಟಲಿನಾಗ ರಾಜ್ಯದ ಆಫೀಸಿನ ಅರ್ಜಿ ಹಾಕ್ತಾರ, ಅದು ವಾಪಸ್ ಬರ್ತದ, ರೊಕ್ಕನೂ ವಾಪಸ್ ಬರಂಗಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ, ಕರೆಂಟಿನ ಜೆಸ್ಕಾಂ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಸಾರಿಗೆ ನಿಗಮ ಇವೆಲ್ಲಾ ರಾಜ್ಯದವು, ರಾಜ್ಯಕ್ಕ ಬ್ಯಾರೆ ಪೋರ್ಟಲ್ ಅದ. ಕಡಗಂಚಿ ಕೇಂದ್ರೀಯ ವಿಶ್ವವಿದ್ಯಾಲಯ, ರೈಲ್ವೆ, ಪೋಸ್ಟ್ ಆಫೀಸು ಕೇಂದ್ರದವು. ಆನ್‌ಲೈನ್ ಆಗ್ಲಿ, ಪೋಸ್ಟಿನಾಗ ಆಗ್ಲಿ, ನನಗ ಎರಡೂ ಸರಿ. ಪೋಸ್ಟಿನಾಗ ಕಳಿಸೋದಾದ್ರ ಸ್ಪೀಡ್ ಪೋಸ್ಟ್ ಮಾಡ್ರಿ, ರಿಜಿಸ್ಟರ್ಡ್ ಪೋಸ್ಟ್ 2025ರಾಗ ಅದ್ರಾಗೇ ಸೇರ್ಯಾದ. ತಲುಪಿದ ದಿನದ ಟ್ರ್ಯಾಕಿಂಗ್ ಹಾಳಿ ತಗ್ದು ಅರ್ಜಿ ನಕಲಿಗಿ ಟಾಚಣಿ ಹೊಡೀರಿ, 30 ದಿನದ ಲೆಕ್ಕ ಅಲ್ಲಿಂದ ಶುರು.

ಪರಿಶೀಲನೆ ಅಂತ ಒಂದು ಅದ, ಅದನ್ನ ಬಳಸೋರು ಕಡಿಮಿ, ನನ್ನ ಮಟ್ಟಿಗಿ ಆರ್‌ಟಿಐದಾಗ ಎಲ್ಲಕ್ಕಿಂತ ಗಟ್ಟಿ ಅದೇ. ಪ್ರತಿ ಕೊಡ್ರಿ ಅನ್ನೋ ಬದಲು "ಕಡತ ಪರಿಶೀಲನೆಗೆ ಅವಕಾಶ ನೀಡುವುದು, ನಂತರ ಗುರುತಿಸಿದ ಪುಟಗಳ ಪ್ರತಿ ನೀಡುವುದು" ಅಂತ ಬರೀರಿ. ಫೈಲಿನಾಗ ಏನೇನು ಕಾಗದ ಅವ ಅಂತ ನಮಗ ಗೊತ್ತಿಲ್ಲದಾಗ ಹೆಸರು ಹಿಡಿದು ಕೇಳೋದಾದ್ರೂ ಹೆಂಗ? ನಮ್ಮ ಓಣಿ ರೋಡಿನ ವಿಷಯದಾಗ ಹಂಗೇ ಆಯ್ತು. ಅವ್ರು ಬಿಲ್ ಅಷ್ಟೇ ಕೇಳ್ಬೇಕಂತಿದ್ರು, ನಾ ಪರಿಶೀಲನೆ ಕೇಳ್ರಿ ಅಂದೆ. ಎಸ್ಟಿಮೇಟು, ವರ್ಕ್ ಆರ್ಡರು, ಎಂ.ಬಿ. ಪುಸ್ತಕ, ಕ್ವಾಲಿಟಿ ರಿಪೋರ್ಟು ಮೇಜಿನ ಮ್ಯಾಲ ಒಂದೇ ಕಡಿ ಬಂದಾಗ ಬಿಲ್ಲಿಗಿಂತ ಎಂ.ಬಿ.ದಾಗಿನ ಉದ್ದ ಅಗಲ ದಪ್ಪದ ಅಂಕಿನೇ ಮುಖ್ಯ ಅಂತ ಅವ್ರಿಗೇ ತಿಳೀತು, ಟೇಪು ಹಿಡಿದು ರೋಡಿನ ಮ್ಯಾಲ ಅಳೆದು ನೋಡಬಹುದಾದ ಅಂಕಿ ಅವು.

30 ದಿನದಾಗ ಉತ್ತರ ಬರ್ಲಿಲ್ಲ ಅಂದ್ರ ಮುಂದಿನ 30 ದಿನದೊಳಗ ಮೊದಲ ಮೇಲ್ಮನವಿ, ಅದೇ ಇಲಾಖೆಯ ಮ್ಯಾಲಿನ ಅಧಿಕಾರಿಗಿ. ಇದನ್ನ ಬಿಡ್ತಾರ ನೋಡ್ರಿ ಮಂದಿ, ಉತ್ತರ ಬರ್ಲಿಲ್ಲ ಅಂತ ಮತ್ತೊಂದು ಅರ್ಜಿ ಹಾಕ್ತಾರ, ಅದಕ್ಕೂ ಬರಂಗಿಲ್ಲ. ಮೇಲ್ಮನವಿ ಹಾಕ್ರಿ. ಅವಧಿ ಮುಗಿದ ಮ್ಯಾಲ ಕೊಟ್ರ ಪ್ರತಿಗಿ ರೊಕ್ಕನೂ ತಗೊಳ್ಳಂಗಿಲ್ಲ, 7(6) ಕಲಂ. ಅದಕ್ಕೂ ಜಗ್ಗಲಿಲ್ಲ ಅಂದ್ರ 90 ದಿನದೊಳಗ ಎರಡನೇ ಮೇಲ್ಮನವಿ ರಾಜ್ಯ ಮಾಹಿತಿ ಆಯೋಗಕ್ಕ. ಅದರ ಪೀಠ ನಮ್ಮ ಕಲಬುರಗಿದಾಗೂ ಅದ, ದಂಡ ದಿನಕ್ಕ 250ರ ಹಂಗ 25,000 ತನಕ ಹಾಕ್ಲಿಕ್ಕಿ ಅಧಿಕಾರ ಅದ, ಆದ್ರ ಆಯೋಗದ ತನಕ ಹೋದ್ರ ಬಾಳ ದಿನ ಹಿಡೀತದ ಅನ್ನೋದು ತಲಿಯಾಗ ಇಟ್ಕೊಂಡೇ ಹೋಗ್ರಿ. "ಕಡತ ಲಭ್ಯವಿಲ್ಲ" ಅಂತ ಒಂದು ಉತ್ತರ ಬರ್ತದ ಅಲ್ಲ, ಅದನ್ನ ಒಪ್ಕೋಬ್ಯಾಡ್ರಿ. ಮಾಹಿತಿ ನಿರಾಕರಿಸೋ ಕಾರಣ ಕಾಯ್ದೆಯ 8 ಮತ್ತ 9ನೇ ಕಲಂದಾಗ ಬರೆದಾವ, ಲಭ್ಯವಿಲ್ಲ ಅನ್ನೋದು ಅದ್ರಾಗ ಇಲ್ಲ. ಫೈಲ್ ಸಿಗ್ತಿಲ್ಲ ಅಂದ್ರ ಸರಿಯಾಗಿ ಹುಡುಕ್ಬೇಕು, ಯಾರ ಕಡಿಂದ ಕಳೆದದ ಅಂತ ಜವಾಬ್ದಾರಿ ಗೊತ್ತು ಮಾಡ್ಬೇಕು ಅಂತ ದೆಹಲಿ ಹೈಕೋರ್ಟ್ 2013ರಾಗ ಹೇಳ್ಯಾದ. ಮೇಲ್ಮನವಿದಾಗ ಇದನ್ನ ಬರೀರಿ.

ಆರ್‌ಟಿಐದಾಗ ಒಂದು ಬಾಗಿಲು ಈಗ ಕಿರಿದಾಗ್ಯಾದ, ಬ್ಯಾರೆಯವರ ವೈಯಕ್ತಿಕ ಮಾಹಿತಿ. 8(1)(ಜೆ) ಕಲಂ ಮೊದಲು ಸಾರ್ವಜನಿಕ ಹಿತ ಇದ್ರ ಕೊಡಬಹುದು ಅಂತ ಅಲ್ಲೇ ಹೇಳ್ತಿತ್ತು, 2023ರ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಅದನ್ನ ಮೊಟಕು ಮಾಡ್ತು. ಫಲಾನುಭವಿಗಳ ಹೆಸರು ಕೇಳಿದ್ರ ಈ ಕಲಂ ತೋರಿಸ್ತಾರ. ಆಗ ಸಾರ್ವಜನಿಕ ಹಿತ ದೊಡ್ಡದು ಅನ್ನೋದಕ್ಕ 8(2) ಇನ್ನೂ ಅದ, ಅದರ ಮ್ಯಾಲ ವಾದ ಮಾಡ್ರಿ. ಅದಕ್ಕಿಂತ ಮೊದಲು ಮಾಹಿತಿ ಕಣಜ ಪೋರ್ಟಲ್ ನೋಡ್ರಿ, ರೇಷನ್, ಪಿಂಚಣಿ, ನರೇಗಾ, ಇಂಥಾ ಎಷ್ಟೋ ಪಟ್ಟಿ ಊರವಾರು ಅಲ್ಲೇ ಇಟ್ಟಿರ್ತಾರ, ನರೇಗಾ ಮಸ್ಟರ್ ರೋಲ್ (ಕೂಲಿಕಾರರ ಹಾಜರಿ ಪಟ್ಟಿ) ಅಂತೂ ಮೊದಲಿಂದ ಬಹಿರಂಗ ಅದ. ಅಲ್ಲಿ ಸಿಕ್ಕಿದ್ದಕ್ಕ ಆರ್‌ಟಿಐ ಯಾಕ?

ಸಣ್ಣವು ಎರಡು ಮೂರು ಅವ. ಜನನ ಮರಣದ್ದು ನೋಂದಣಾಧಿಕಾರಿ ಬಲ್ಲಿ ಯಾರು ಬೇಕಾದ್ರೂ ಹುಡುಕಿಸಿ ಪ್ರಮಾಣಪತ್ರ ತಗೋಬಹುದು, ಸಾವಿನ ಕಾರಣ ಮಾತ್ರ ಅದ್ರಾಗ ಬರಂಗಿಲ್ಲ, ನೋಂದಣಿನೇ ಆಗಿಲ್ಲ ಅಂದ್ರ ಒಂದು ವರ್ಷ ದಾಟಿದ್ದಕ್ಕ ಮೊದಲು ಕೋರ್ಟಿನ ಆದೇಶ ಬೇಕಾಗ್ತಿತ್ತು, 2023ರ ಅಕ್ಟೋಬರ್‌ದಿಂದ ಆ ಅಧಿಕಾರ ಕಂದಾಯ ಅಧಿಕಾರಿಗಳ ಕಡಿ ಬಂದದ. ಎಫ್‌ಐಆರ್ ಪೊಲೀಸ್ ವೆಬ್‌ಸೈಟಿನಾಗ ಸಿಗ್ತದ, ಸೂಕ್ಷ್ಮ ಪ್ರಕರಣ ಬಿಟ್ಟು. ಕೋರ್ಟಿನ ಆದೇಶ, ಡಿಕ್ರಿ ಬೇಕಂದ್ರ ಕೋರ್ಟಿನ ನಕಲು ಶಾಖೆಗೇ ಹೋಗ್ರಿ, ಆರ್‌ಟಿಐ ಅಲ್ಲಿ ನಡೆಯಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಾಗ ತೀರ್ಮಾನ ಮಾಡ್ಯಾದ. ನಮ್ಮ ಕಲ್ಯಾಣ ಕರ್ನಾಟಕದವ್ರಿಗಿ ನೌಕರಿ, ಸೀಟಿನ ಮೀಸಲಾತಿಗಿ ಬೇಕಾಗೋ 371(ಜೆ) ಸರ್ಟಿಫಿಕೇಟ್ ಕೊಡೋರು ಸಹಾಯಕ ಆಯುಕ್ತರು, ಅದು ತಿರಸ್ಕಾರ ಆಗ್ಯಾದ ಅಂದ್ರ ಮತ್ತ ಅರ್ಜಿ ಹಾಕೋಕಿಂತ ಮೊದಲು ಆ ಫೈಲಿನ ಟಿಪ್ಪಣಿ ಹಾಳಿ ಆರ್‌ಟಿಐದಾಗ ತಗಿಸ್ರಿ, ಯಾವ ಕಾಗದ ಕಡಿಮಿ ಬಿತ್ತು ಅಂತ ಅಲ್ಲಿ ಬರೆದಿರ್ತದ, ನೌಕರಿ ಅರ್ಜಿದ ಕೊನೆ ತಾರೀಖು ತಲಿ ಮ್ಯಾಲ ಇರೋ ಹುಡುಗರಿಗಿ ಇದು ಬಾಳ ಮುಖ್ಯ.

ಅಕ್ಕನ ಮಗನ ಕತಿ ಹೇಳಿ ಬಿಡ್ತೀನಿ. ರೆಕಾರ್ಡ್ ರೂಮಿನಾಗ ಎರಡನೇ ಸಲ ಹೋದಾಗ ಹಳೆ ಪಹಣಿ ನಕಲು ಸಿಕ್ತು. ಅದ್ರಾಗ 6 ಎಕರೆ 14 ಗುಂಟೆ ಅದ, ಇವತ್ತಿನ ಪಹಣ್ಯಾಗ 5 ಎಕರೆ 4 ಗುಂಟೆ. ಮಧ್ಯದ ವರ್ಷದ ಪಹಣಿ ಒಂದೊಂದಾಗಿ ತಗ್ದು ನೋಡಿದ್ವಿ, ಇಳಿದಿದ್ದು ಒಂದೇ ವರ್ಷದಾಗ, 10ನೇ ಕಾಲಂದಾಗ ಒಂದು ಎಂ.ಆರ್. ನಂಬರ್, ಅದ್ರ ಮುಂದ "ಆದೇಶದಂತೆ" ಅಂತ ಅಷ್ಟೇ. ಯಾರ ಆದೇಶ, ಯಾವ ತಾರೀಖು, ಏನಿಲ್ಲ. ಆ ಆದೇಶ ಕೌಂಟರಿನಾಗ ಸಿಗೋ ಕಾಗದ ಅಲ್ಲ. ನಿನ್ನೆ ರಾತ್ರಿ ಇಬ್ಬರೂ ಕೂತು ಅರ್ಜಿ ಬರೆದೀವಿ, ಆ ಎಂ.ಆರ್. ನಂಬರಿಗಿ ಸಂಬಂಧಪಟ್ಟ ಪೂರ್ತಿ ಕಡತದ ಪರಿಶೀಲನೆ, ಗುರುತಿಸಿದ ಪುಟಗಳ ದೃಢೀಕೃತ ಪ್ರತಿ, ಅಷ್ಟೇ ವಿಷಯ. ಮುಂಜಾನಿ ಪೋಸ್ಟ್ ಆಫೀಸ್ ತಗದ ಕೂಡ್ಲೆ ಅವ ಹೋಗಿ ಪೋಸ್ಟಲ್ ಆರ್ಡರ್ ತಗೊಂಡು ಕಳಿಸ್ಯಾನ, ರಸೀದಿ ಫೋಟೋ ನನಗ ಬಂದದ.